ಕೊನೇ ಗದ್ದೆಯ ಗೋಲು

ನಮ್ಮ ಸೋದರಮಾವನಿಗೆ ಫುಟ್ಬಾಲ್ ಗೊತ್ತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಆಫ್‌ಸೈಡ್ ಅಂದರೆ ಏನು ಅಂತ ಅವರಿಗೆ ಇವತ್ತಿಗೂ ತಿಳಿಯದು. ಆದರೆ ಜಗತ್ತಿನ ಫುಟ್ಬಾಲನ್ನು ತಿದ್ದುವ ಹಕ್ಕು ತಮಗೊಬ್ಬರಿಗೇ ಇದೆ ಅನ್ನುವುದು ಮಾತ್ರ ಚೆನ್ನಾಗಿ ತಿಳಿದಿದೆ! ಮೂವತ್ತು ವರ್ಷ ಹೇಮಾವತಿ ನಾಲೆಯ ಮೇಲೆ ನೀರುಗಂಟಿಯಾಗಿದ್ದವರು. ಯಾವ ತೂಬು ಎಷ್ಟು ಹೊತ್ತು ತೆಗೆದಿರಬೇಕು, ಯಾರ ಗದ್ದೆಗೆ ಯಾವಾಗ ನೀರು ಹೋಗಬೇಕು ಅಂತ ತೀರ್ಮಾನಿಸಿದವರು. ಇಪ್ಪತ್ತೆರಡು ಜನ ಚಡ್ಡಿ ಹಾಕಿಕೊಂಡು ಓಡುವುದು ಅವರಿಗೆ ಯಾವ ಲೆಕ್ಕ?

ಅವರದು ಒಂದೇ ಕಾನೂನು: ಕೊನೇ ಗದ್ದೆಗೆ ಮೊದಲು ನೀರು. ನಾಲೆಯ ತುದಿಯಲ್ಲಿರುವವನಿಗೆ ತಲುಪಿಸಿ, ಆಮೇಲೆ ಹಿಂದಕ್ಕೆ ಬರುತ್ತಾ ಮೇಲಿನವರ ತೂಬು ತೆಗೆಯಬೇಕು. ಮೇಲಿನವನಿಗೆ ಮೊದಲು ಬಿಟ್ಟರೆ ಕೆಳಗಿನವನಿಗೆ ಸಿಗುವುದು ಬರೀ ಕಪ್ಪೆ ಅಂತ ಅವರ ವಾದ. ಹಾಗಾದರೆ ಮಾವನ ಸ್ವಂತ ಗದ್ದೆ ಎಲ್ಲಿತ್ತು ಗೊತ್ತೇ? ಮೊದಲನೇ ತೂಬಿನ ಪಕ್ಕದಲ್ಲೇ! "ಊರ ಗದ್ದೆಯೆಲ್ಲಾ ಅಸ್ರು, ನಮ್ದೊಂದು ಒಣಗಿದ ಅಪ್ಪಳ" ಅಂತ ಅತ್ತೆ ಈಗಲೂ ಬಂದವರಿಗೆಲ್ಲ ಕಾಫಿ ಕೊಡುವ ಮುಂಚೆ ಹೇಳುತ್ತಾರೆ.

ಸರಿ, ನಾಲೆ ಮೇಲೆ ಈ ಕಾನೂನು ನಡೆಯಿತು. ಮದುವೆ ಪಂಕ್ತಿಯಲ್ಲಿ? ಸಾಲಗಾಮೆಯಲ್ಲಿ ನೆಂಟರ ಮದುವೆ, ಬಹಳ ಹಳೇ ಮಾತು. ಯಾರೋ ಪುಣ್ಯಾತ್ಮರು ಮಾವನ ಕೈಗೆ ಹೋಳಿಗೆ ಬುಟ್ಟಿ ಕೊಟ್ಟುಬಿಟ್ಟರು. ಸಾಲಿನ ತಲೆಯಲ್ಲಿ ಗಂಡಿನ ಕಡೆಯವರು ಪೇಟ ಸುತ್ತಿಕೊಂಡು, ಎಲೆಗೆ ನೀರು ಚಿಮುಕಿಸಿಕೊಂಡು ಕಾಯುತ್ತಿದ್ದಾರೆ. ಮಾವ ಅವರ ಮೂಗಿನ ಮುಂದೆಯೇ ಹಾದು, ಸೀದಾ ಚಪ್ಪರದ ಕೊನೇ ಎಲೆಗೆ ಹೋಗಿ ಬಡಿಸಲು ಶುರು ಮಾಡಿದರು! ಅಲ್ಲಿಗೆ ಎರಡು ಹೋಳಿಗೆ, ಮೇಲೆ ಧಾರಾಳ ತುಪ್ಪ. ತಲೆಯ ಎಲೆ ತಲುಪುವ ಹೊತ್ತಿಗೆ ಬುಟ್ಟಿ ಖಾಲಿ. ಗಂಡಿನ ಚಿಕ್ಕಪ್ಪ ಎದ್ದು ನಿಂತೇಬಿಟ್ಟರು.

"ಏನ್ರೀ ಇದು? ನಮಗೇನು ಮರ್ಯಾದೆ ಇಲ್ವಾ?"

"ಕೂತ್ಕಳಿ ಸಾ, ಇನ್ನೊಂದು ಬುಟ್ಟಿ ಬತ್ತಾ ಅದೆ. ಮೇಲಿನೋರು ಒಸಿ ತಡ್ಕಂಡ್ರೆ ಬೆಳೆ ಒಣಗಾಕಿಲ್ಲ," ಅಂದರು ಮಾವ.

ಆ ಚಿಕ್ಕಪ್ಪ ಎರಡು ವರ್ಷ ಮಾವನ ಜೊತೆ ಮಾತು ಬಿಟ್ಟಿದ್ದರು. ಮಾವನಿಗೆ ಅದು ಗೊತ್ತೇ ಆಗಲಿಲ್ಲ.

ಇಂಥವರಿಗೆ ಫುಟ್ಬಾಲ್ ಹುಚ್ಚು ಹಿಡಿಸಿದ್ದು ಕಾನ್ಫೆಡರೇಷನ್ಸ್ ಕಪ್. ಒಂದೊಂದು ಖಂಡದಲ್ಲಿ ಗೆದ್ದು ಬಂದ ದೇಶಗಳನ್ನು ಒಟ್ಟಿಗೆ ಸೇರಿಸಿ ಆಡಿಸುತ್ತಿದ್ದ ಪಂದ್ಯಾವಳಿ ಅದು. ಬ್ರೆಜಿಲಿನಲ್ಲಿ ನಡೆದ ವರ್ಷ ಮಾವ ಇನ್ನೂ ಗೊರೂರಿನ ಕ್ವಾರ್ಟರ್ಸಿನಲ್ಲಿದ್ದರು. ರಾತ್ರಿ ಮುಗಿದ ಆಟವನ್ನು ಬೆಳಿಗ್ಗೆ ಟೀವಿಯಲ್ಲಿ ಮತ್ತೆ ಹಾಕುತ್ತಿದ್ದರು. ನಮ್ಮ ಪಾಲಿಗೆ ಅದೇ ನೇರಪ್ರಸಾರ. ನಾನೂ ಅವತ್ತು ಅಲ್ಲೇ ಇದ್ದೆ. ಅಕ್ಕಿರೊಟ್ಟಿ ಮುರಿಯುತ್ತಾ ಕೂತಿದ್ದ ಮಾವನ ಕಣ್ಣಿಗೆ ಬಿದ್ದದ್ದು ತಾಹಿತಿ. ಸಮುದ್ರದ ನಡುವಿನ ಪುಟಾಣಿ ದ್ವೀಪ. ತಂಡದಲ್ಲಿ ಹೆಚ್ಚಿನವರು ಬೇರೆ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಆಡುವವರು. ಆಟಕ್ಕೆ ಮುಂಚೆ ಎದುರಾಳಿಗಳ ಕೊರಳಿಗೆ ಹಾರ ಹಾಕಿದರು. ಆಮೇಲೆ ಮರ್ಯಾದೆಯಿಂದ ಗೋಲು ಹೊಡೆಸಿಕೊಂಡರು!

"ಇದು ಕೊನೇ ಗದ್ದೆ ಕಣ್ಲಾ!" ಅಂದರು ಮಾವ.

ಎದುರಾಳಿ ನೈಜೀರಿಯಾದ ಲೆಕ್ಕದಲ್ಲಿ ಮೂರು ಗೋಲು ಆಗಿತ್ತು. ತಾಹಿತಿಗೆ ಒಂದು ಕಾರ್ನರ್ ಸಿಕ್ಕಿತು. ಮಾವ ರೊಟ್ಟಿ ಬಿಟ್ಟು ಎದ್ದು ನಿಂತರು. ಚೆಂಡು ಗಾಳಿಗೆ ಹಾರಿತು, ಕರೆಂಟು ಹೋಯಿತು! ಮತ್ತೆ ಬಂದಾಗ ಆಟವೇ ಮುಗಿದಿತ್ತು. ಪರದೆಯ ಮೇಲೆ ಆರು–ಒಂದು ಅಂತಿತ್ತು.

"ಲೇ, ಆ ಒಂದು ಎಂಗ್ಲಾ ಬಂತು?"

"ಮೊಬೈಲಲ್ಲಿ ಹುಡುಕಿ ತೋರಿಸ್ತೀನಿ ಇರಿ ಮಾವ."

"ಆಗೋಗಿದ್ದು ನೋಡಿ ಏನ್ ಮಾಡ್ಲಿ? ಕೊನೇ ಗದ್ದೆಗೆ ನೀರು ನುಗ್ಗೋವಾಗ ಬದಿನ ಮೇಲೆ ನಿಂತು ನೋಡ್ಬೇಕು. ಅದ್ರ ಸುಖವೇ ಬ್ಯಾರೆ ಕಣ್ಲಾ."

ಅಲ್ಲಿಗೆ ಮುಗಿಯಿತು ನೋಡಿ. ಕೊನೇ ತಂಡ ಒಂದೇ ಒಂದು ಗೋಲು ಹೊಡೆಯುವುದನ್ನು ಕಣ್ಣಾರೆ ನೋಡಬೇಕು ಅನ್ನುವುದು ಮಾವನ ಜೀವಮಾನದ ಆಸೆಯಾಗಿಬಿಟ್ಟಿತು. ಮುಂದಿನ ಪಂದ್ಯದಲ್ಲಿ ಸ್ಪೇನ್ ಹತ್ತು ಗೋಲು ಹೊಡೆಯಿತು, ತಾಹಿತಿಯದು ಸೊನ್ನೆ. "ನೋಡ್ಲಾ, ಚೆಂಡೆಲ್ಲಾ ಇವ್ನೇ ಇಟ್ಕಂಡವ್ನೆ! ಕೆಳಗಿನೋನ್ಗೆ ಒಸಿ ಬುಡಬೇಡ್ವಾ? ಆ ಸೀಟಿ ಊದೋನು ಏನ್ ಮಾಡ್ತಾವ್ನೆ, ತೂಬು ಮುಚ್ಚಕಾಗಾಕಿಲ್ವಾ?" ಅಂತ ಮಾವ ಟೀವಿಗೆ ಬೈದರು. ಅದಾದ ಮೇಲಿನ ಪಂದ್ಯದಲ್ಲಿ ಉರುಗ್ವೆ ಎಂಟು ಹೊಡೆಯಿತು. ಅವತ್ತು ಬೈಯುವುದಕ್ಕೂ ಅವರಿಗೆ ತ್ರಾಣ ಇರಲಿಲ್ಲ.

ನಾಲ್ಕು ವರ್ಷ ಕಾದರು. ಮುಂದಿನ ಸಲ ತಾಹಿತಿ ಬರಲಿಲ್ಲ. ಆಮೇಲೆ ಕಪ್ಪನ್ನೇ ನಿಲ್ಲಿಸಿಬಿಟ್ಟರು! ಮಾವ ಸುಮ್ಮನಿರುತ್ತಾರೆಯೇ? ನನ್ನ ಕೈಯಲ್ಲಿ ಅರ್ಜಿ ಬರೆಸಿದರು. "ವಿಷಯ: ಸ್ಥಗಿತಗೊಂಡಿರುವ ಕಪ್ ಪುನರಾರಂಭಿಸುವ ಹಾಗೂ ಕೊನೆಭಾಗದ ದೇಶಗಳಿಗೆ ಆದ್ಯತೆ ನೀಡುವ ಬಗ್ಗೆ." ವಿಳಾಸ: ಫುಟ್ಬಾಲಿನ ದೊಡ್ಡ ಆಫೀಸು, ಸ್ವಿಟ್ಜರ್ಲೆಂಡ್. ಕೆಳಗೆ, "ಪ್ರತಿಯನ್ನು ಮಾಹಿತಿಗಾಗಿ ಮಾನ್ಯ ತಹಸೀಲ್ದಾರರಿಗೆ." ಸ್ವಿಟ್ಜರ್ಲೆಂಡಿನಿಂದ ಉತ್ತರ ಬರಲಿಲ್ಲ. ತಹಸೀಲ್ದಾರರಿಂದಲೂ ಬರಲಿಲ್ಲ. ಮಾವನಿಗೆ ಬೇಜಾರಾದದ್ದು ಎರಡನೆಯದಕ್ಕೆ.

ಕಳೆದ ವರ್ಷ ಒಂದು ಬೆಳಿಗ್ಗೆ ಫೋನು ಬಂತು. "ಅವ್ರು ನಿಲ್ಸುದ್ರೆ ಏನಂತೆ, ನಾವ್ ನಡೆಸ್ತೀವಿ. ನಾಕು ತಾಲೂಕಿನ ಚಾಂಪಿಯನ್ನರ ಕಪ್. ಭಾನುವಾರ ಬಂದ್ಬುಡು."

ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು. ಮೈದಾನ ಹೊಳೆನರಸೀಪುರದ ಹತ್ತಿರ ಮಾವನ ಊರಿನ ಗೋಮಾಳ. ರೆಫರಿ? ಕೇಳಬೇಕೇ! ಮೊದಲ ಪಂದ್ಯವೇ ಹಾಸನಕ್ಕೂ ಅರಕಲಗೂಡಿಗೂ. ಹಾಸನದವರಿಗೆ ಒಂದೇ ಬಣ್ಣದ ಜರ್ಸಿ, ಮುಳ್ಳಿನ ಶೂಸು, ಒಬ್ಬ ಕೋಚು, ಅವನ ಕೊರಳಲ್ಲಿ ಎರಡು ಸೀಟಿ. ಅರಕಲಗೂಡಿನವರು ತಾಲೂಕಿಗೆ ಚಾಂಪಿಯನ್ ಹೇಗಾದರು ಅಂತೀರಾ? ತಾಲೂಕಿನಲ್ಲಿ ಇದ್ದದ್ದೇ ಅದೊಂದು ತಂಡ! ಅದೂ ಮಾವ ಮನೆಮನೆಗೆ ಹೋಗಿ ಕಟ್ಟಿದ್ದು. ಅದರಲ್ಲಿ ಬಸ್ ಕಂಡಕ್ಟರ್ ಒಬ್ಬರು, ಶುಂಠಿ ವ್ಯಾಪಾರಿ ಒಬ್ಬರು, ಹೊಗೆಸೊಪ್ಪು ಬೆಳೆಯುವವರು ಏಳು ಜನ, ರುದ್ರಪಟ್ಟಣದ ಮೃದಂಗ ವಿದ್ವಾಂಸರು ಒಬ್ಬರು. ವಿದ್ವಾಂಸರ ಹೆಂಡತಿ ಕೈಗೆ ಏಟಾಗುವ ಯಾವ ಆಟಕ್ಕೂ ಕಳಿಸುವುದಿಲ್ಲ ಅಂದಿದ್ದರಂತೆ. "ಇದ್ರಲ್ಲಿ ಕೈ ಸೋಕಿಸಂಗೇ ಇಲ್ಲ ಕಣವ್ವಾ," ಅಂತ ಮಾವ ಒಪ್ಪಿಸಿಕೊಂಡು ಬಂದಿದ್ದರು.

ಎಣಿಸಿದಿರಾ? ಹತ್ತೇ ಜನ. ಹನ್ನೊಂದನೆಯವನು ಬೀಗರ ಊಟಕ್ಕೆ ಹೋಗಿದ್ದ. ಮಾವ ಗೋಮಾಳದ ಸುತ್ತ ಕಣ್ಣಾಡಿಸಿ ನನ್ನನ್ನು ನೋಡಿದರು.

"ಮಾವ, ಬೇಡ. ನನಗೆ ನಲವತ್ತೈದು. ಅಲ್ಲದೆ ನಾನು ಹಾಸನದವನು!"

"ನಿಮ್ಮಪ್ಪ ಅರಕಲಗೂಡಿನೋನು ತಾನೆ? ಓಗಿ ಗೋಲಲ್ಲಿ ನಿಂತ್ಕ."

ಇನ್ಶೂರೆನ್ಸ್ ಆಫೀಸಿನ ಗುಮಾಸ್ತ, ಇಸ್ತ್ರಿ ಪ್ಯಾಂಟಿನಲ್ಲಿ ಗೋಲ್‌ಕೀಪರ್! ಮೊದಲು ನಾವು ಹಾಸನದವರಿಗೆ ಒಬ್ಬೊಬ್ಬರಿಗೂ ಚೆಂಡುಹೂವಿನ ಹಾರ ಹಾಕಿದೆವು, ಮಾವನ ಅಪ್ಪಣೆ. ಆಮೇಲೆ ಶುರುವಾಯಿತು. ನಾನು ಎಡಕ್ಕೆ ಹಾರಿದರೆ ಚೆಂಡು ಬಲಕ್ಕೆ, ಬಲಕ್ಕೆ ಹಾರಿದರೆ ಎಡಕ್ಕೆ. ಹಾರದೆ ನಿಂತರೆ ಹೊಟ್ಟೆಗೆ! ಹನ್ನೆರಡು ಗೋಲು ಬಿಟ್ಟೆ. ಬದಿಯಲ್ಲಿ ನಿಂತ ಜನ ನಗುತ್ತಿದ್ದರು. ನಮ್ಮವರು "ಸಾಕು ಸಾ, ಮನೆಗೋಯ್ತೀವಿ" ಅಂದರು. ಮಾವ ಕೈಮುಗಿದು, "ಒಂದು ಬಂದ್ಬುಡ್ಲಿ, ಆಮೇಲೆ ಓಗ್ರಪ್ಪಾ," ಅಂದರು. ಆದರೂ ಸುಳ್ಳು ಪೆನಾಲ್ಟಿ ಕೊಡಲಿಲ್ಲ, ಗಡಿಯಾರ ಹಿಂದಿಡಲಿಲ್ಲ. ನಾಲೆ ಮೇಲೂ ಅವರು ಹಾಗೇ ಇದ್ದದ್ದು.

ಕೊನೆಯ ನಿಮಿಷ. ಕೆಲಸವಿಲ್ಲದ ಹಾಸನದ ಗೋಲ್‌ಕೀಪರ್ ಕಂಬಕ್ಕೆ ಒರಗಿ, ಕೊರಳಲ್ಲಿ ಹಾರ ಹಾಕಿಕೊಂಡೇ ಮೊಬೈಲು ನೋಡುತ್ತಿದ್ದ. ಕಂಡಕ್ಟರು ಎಲ್ಲಿಗೋ ಒದ್ದ ಚೆಂಡು ವಿದ್ವಾಂಸರ ಕಡೆ ಬಂತು. ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟು ತಲೆ ತಗ್ಗಿಸಿದರು. ತಲೆಗೆ ಬಡಿದ ಚೆಂಡು ತೆವಳುತ್ತಾ, ತೆವಳುತ್ತಾ, ಗೆರೆ ದಾಟಿತು!

ಮಾವ ಸೀಟಿ ಊದಿದರು. ಊದುತ್ತಲೇ ಇದ್ದರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಸೀಟಿ ಮಾತ್ರ ನಿಲ್ಲಲಿಲ್ಲ. ಮೇಯುತ್ತಿದ್ದ ದನಗಳು ಬೆದರಿ ಊರ ಕಡೆ ಓಡಿದವು. ಆಟ ಹಾಗೆಯೇ ಮುಗಿಯಿತು.

ಅತ್ತೆ ಬಿಂದಿಗೆಯಲ್ಲಿ ನೀರು ತಂದರು. ಗೆದ್ದ ಹಾಸನದವರು ಮುಂದೆ ಬಂದು ಕೈಚಾಚಿದರು. ಮಾವ ಬಿಂದಿಗೆ ಎತ್ತಿಕೊಂಡು ಅವರನ್ನು ದಾಟಿ, ತಮ್ಮ ಮುದ್ದಿನ ವಿದ್ವಾಂಸರನ್ನೂ ದಾಟಿ, ಇಡೀ ಗೋಮಾಳ ಹಾದು, ಆಚೆ ತುದಿಯ ಕಂಬದ ಬುಡದಲ್ಲಿ ನಾಚಿಕೆಯಿಂದ ಕುಸಿದು ಕೂತಿದ್ದ ನನ್ನ ಹತ್ತಿರ ಬಂದರು.

"ಕುಡೀಲಾ ಮೊದ್ಲು. ಗೆದ್ದೋರು ಒಸಿ ತಡ್ಕತಾರೆ."

ಸಾಲಗಾಮೆ ಮದುವೆಯ ಆ ಕೊನೇ ಎಲೆ ಯಾರದು ಅಂತ ನಿಮಗೆ ಹೇಳಲೇ ಇಲ್ಲ, ಅಲ್ಲವೇ? ನನ್ನದು. ನನಗಾಗ ಎಂಟು ವರ್ಷ. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಅಮ್ಮ ಶುಭಕಾರ್ಯದಲ್ಲಿ ಮುಂದೆ ಬರಬಾರದು ಅಂತ ಹಿತ್ತಿಲಲ್ಲೇ ಉಳಿದಿದ್ದಳು. ನನ್ನನ್ನು ಕೂತುಕೋ ಅಂತ ಕರೆಯುವವರು ಆ ಚಪ್ಪರದಲ್ಲಿ ಯಾರೂ ಇರಲಿಲ್ಲ, ನಾನೇ ಹೋಗಿ ತುದಿಯಲ್ಲಿ ಕೂತಿದ್ದೆ. ಮಾವ ಬುಟ್ಟಿ ಹಿಡಿದು ಅಷ್ಟು ದೂರದಿಂದ ನನ್ನ ಕಡೆಗೇ ನಡೆದು ಬಂದಿದ್ದರು.

ಗೋಮಾಳದ ಕಂಬದ ಬುಡದಲ್ಲಿ ಬಿಂದಿಗೆ ಎತ್ತಿ ಗಟಗಟ ಕುಡಿದೆ. ಕಣ್ಣು ತುಂಬಿ ಕೆಮ್ಮಿದೆ.

"ನೆತ್ತಿಗತ್ತಿತೇನ್ಲಾ? ಮೆಲ್ಲಗೆ ಕುಡಿ, ಇನ್ನೂ ಐತೆ," ಅಂತ ಮಾವ ನನ್ನ ನೆತ್ತಿ ತಟ್ಟಿದರು.

ಹೂಂ ಮಾವ, ನೆತ್ತಿಗೆ ಹತ್ತಿತು ಅಂದೆ.