ತಟಸ್ಥನ ಮನೆಯಲ್ಲಿ ಬಹುಮತ

ಕೆಲವು ಪದಗಳನ್ನು ನಾವು ದಿನವೂ ಬಳಸುತ್ತೇವೆ. ಅವುಗಳ ತೂಕ ಗೊತ್ತಾಗುವುದು ಅವು ನಮ್ಮದೇ ಮನೆಯ ಹೊಸ್ತಿಲು ದಾಟಿದಾಗ. ನನ್ನ ಪಾಲಿಗೆ ಅಂಥ ಪದ ‘ಬಹುಮತ’. ಐವತ್ತರ ದಶಕದ ಕೊನೆಯಲ್ಲಿ ನಾನು ಮಂಗಳೂರಿನ ಪತ್ರಿಕೆಯೊಂದಕ್ಕೆ ಪುತ್ತೂರಿನಿಂದ ಸುದ್ದಿ ಕಳುಹಿಸುತ್ತಿದ್ದೆ. ಪಂಚಾಯತಿಗೆ ಯಾರು ಗೆದ್ದರೂ ‘ಬಹುಮತದಿಂದ ಆರಿಸಿಬಂದರು’ ಎಂದು ಬರೆಯುವುದು ನನ್ನ ರೂಢಿ. ಒಮ್ಮೆ ಉಪಸಂಪಾದಕರು ತಿದ್ದಿದರು: “ಮೂವರು ನಿಂತಲ್ಲಿ ಉಳಿದವರಿಗಿಂತ ಹೆಚ್ಚು ಬಿದ್ರೆ ಗೆಲುವು ಹೌದು, ಬಹುಮತ ಅಲ್ಲ ಮಾರಾಯ್ರೆ. ಅದಕ್ಕೆ ಒಟ್ಟು ಮತದ ಅರ್ಧಕ್ಕಿಂತ ಹೆಚ್ಚು ಬೇಕು.” ಜೊತೆಗೆ, ಬರೆಯುವವನು ಯಾವ ಕಡೆಗೂ ಸೇರಬಾರದು ಎಂದೂ ಹೇಳಿದರು. ಎರಡನ್ನೂ ಶ್ರದ್ಧೆಯಿಂದ ಪಾಲಿಸಿದೆ. ಹೋಟೆಲಿನಲ್ಲಿ ಬನ್ಸೋ ಗೋಳಿಬಜೆಯೋ ಎಂದು ಕೇಳಿದರೂ ಅಭಿಪ್ರಾಯ ಕೊಡದೆ, ಮುಂದೆ ಇಟ್ಟದ್ದನ್ನು ತಿನ್ನುತ್ತಿದ್ದೆ.

ಹೀಗಿರುವಾಗ ನನ್ನ ಹೆಂಡತಿ ಸಾವಿತ್ರಿಗೆ ನರಿಮೊಗರಿನ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಸುಳ್ಯದ ತವರಿನಲ್ಲಿದ್ದಾಗಲೇ ತರಬೇತಿ ಮುಗಿಸಿ ಕಾದಿದ್ದವಳು. ಸೊಸೆ ದಿನಾ ಬಸ್ಸು ಹತ್ತುವುದು ಅಮ್ಮನಿಗೆ ಒಪ್ಪಿಗೆಯಿಲ್ಲ. ಕೋಡಿಂಬಾಳದಿಂದ ಬಂದಿದ್ದ ಸೋದರತ್ತೆ ಅಮ್ಮನ ಪಕ್ಷ. ನನ್ನ ತಮ್ಮ ಮಾತ್ರ ಸಾವಿತ್ರಿಯ ಪಕ್ಷ. ಊರಿಗೆಲ್ಲ ಚುನಾವಣೆಯ ಗಾಳಿ ತಗುಲಿದ್ದ ಕಾಲ. “ಕೈ ಎತ್ತಿಯೇ ತೀರ್ಮಾನ ಆಗ್ಲಿ,” ಎಂದ ತಮ್ಮ. ಭಾನುವಾರ ಮಧ್ಯಾಹ್ನ ಎಲೆ ಅಡಿಕೆಯ ಹರಿವಾಣದ ಸುತ್ತ ಮತದಾನ ನಡೆಯಿತು. ಆಚೆಗೆ ಎರಡು, ಈಚೆಗೆ ಎರಡು. ಎಲ್ಲರ ಕಣ್ಣು ನನ್ನ ಮೇಲೆ.

“ಸಮ ಬಿದ್ದರೆ ಬಹುಮತ ಆಗುದಿಲ್ಲ,” ಎಂದು ವಿವರಿಸಿದೆ. “ನಾನು ತಟಸ್ಥ.”

“ಪದದ ಅರ್ಥ ಯಾರು ಕೇಳಿದ್ದು? ನಾನು ಶಾಲೆಗೆ ಹೋಗುದಾ ಬೇಡ್ವಾ, ಅದು ಹೇಳಿ,” ಎಂದಳು ಸಾವಿತ್ರಿ. ಸ್ವರ ಸಣ್ಣದಾಗಿತ್ತು. ನಾನು ವೀಳ್ಯದೆಲೆಯ ನಾರು ತೆಗೆಯುತ್ತ ಕುಳಿತೆ.

ಅಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು. “ಎಂತ ಜನ ಮಾರಾಯ ನೀನು? ಹೆಂಡತಿಗೆ ಬೇಕಾಗಿ ಒಂದು ಕೈ ಎತ್ತುದಕ್ಕೂ ಆಗುದಿಲ್ವಾ? ಸಾವಿತ್ರಿ, ಇವನನ್ನು ನಂಬಿ ಮನೆಯಲ್ಲಿ ಕೂತ್ಕೊಳ್ಬೇಡ. ನನ್ನ ಕೈ ನಿನ್ನ ಕಡೆಗೆ. ನಾಳೆಯಿಂದಲೇ ಹೋಗು ಮಗಳೇ.”

“ಅತ್ತಿಗೆ, ನನ್ನೊಬ್ಬಳನ್ನೇ ಬಿಟ್ರಲ್ಲ!” ಎಂದರು ಸೋದರತ್ತೆ.

“ಹೌದು, ಎಂತ ಈಗ? ಒಂದು ಹೋಳು ಅಡಿಕೆ ಕೊಡು ಇಲ್ಲಿ.”

ಐದರಲ್ಲಿ ಮೂರು, ಅಪ್ಪಟ ಬಹುಮತ. ಆ ಮೂರನೆಯ ಕೈಗೆ ನಾನು ಇಂದಿಗೂ ಋಣಿ. ನರಿಮೊಗರಿನಲ್ಲಿ ಬಸ್ಸಿಳಿದರೆ ‘ಟೀಚರ ಯಜಮಾನರು’ ಎಂದು ನನಗೆ ಬೆಂಚು ಬಿಟ್ಟುಕೊಡುತ್ತಾರೆ. ಇಷ್ಟು ವರ್ಷ ಸುದ್ದಿ ಬರೆದು ಸಿಗದ ಗೌರವ ಅದು. ಮನೆಯಲ್ಲಿ ಮಾತ್ರ ಆಮೇಲೆ ಯಾರೂ ನನ್ನ ಮತ ಕೇಳಿಲ್ಲ. ತೀರ್ಮಾನವಾದ ಮೇಲೆ ಬಂದು ತಿಳಿಸುತ್ತಾರೆ. ಸುದ್ದಿಗಾರನಿಗೆ ಅಷ್ಟು ಸಾಕು ಎಂಬುದು ಅವರ ಸರ್ವಾನುಮತದ ಅಭಿಪ್ರಾಯ.