ಧೂಳು ಓದುವ ಕಾಕಾ

ನಮ್ಮ ಕಾಕಾನನ್ನು ಮನೆಗೆ ಕರೆಯುವ ಮುಂಚೆ ಎರಡು ಸಲ ಯೋಚಿಸಿ! ಊಟಕ್ಕೆ ಕರೆದರೂ ಅವರು ಮೊದಲು ಹೋಗುವುದು ನಿಮ್ಮ ಅಲಮಾರಿಯ ಹತ್ತಿರ. ಅದರ ನೆತ್ತಿಯ ಮೇಲೆ ಬೆರಳೆಳೆದು, ಕನ್ನಡಕ ಹಣೆಗೇರಿಸಿ, ಬೆರಳನ್ನು ಬಿಸಿಲಿಗೆ ಹಿಡಿದು ನಿಮ್ಮ ಸಂಸಾರದ ವಯಸ್ಸು ಹೇಳಿಬಿಡುತ್ತಾರೆ. ಜಾತಕ ಬೇಡ, ಹಸ್ತರೇಖೆ ಬೇಡ, ಬರೀ ಧೂಳು ಸಾಕು!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಚಿತ್ತಾಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ; ನಕ್ಷತ್ರಗಳ ಸಹವಾಸದಲ್ಲಿ ಪುರುಸೊತ್ತು ಸಿಗಲಿಲ್ಲವಂತೆ. ಈಗ ವಾಡಿಯಲ್ಲಿ ಒಬ್ಬರೇ ಇದ್ದಾರೆ.

"ಚಿಕ್ಕಿ ವಯಸ್ಸು ಅದರ ಸುತ್ತಿನ ಧೂಳು ಹೇಳ್ತದ ನೋಡು ತಂಗಿ," ಎಂದು ನನ್ನ ಮುಂದೆ ಅವರ ನಕ್ಷತ್ರಪುರಾಣ ಶುರುವಾಗುತ್ತದೆ. "ಎಳೆ ಚಿಕ್ಕಿ ಸುತ್ತ ಧೂಳು ಗುಂಗಾಡಿ ಹುಳದಂಗ ಮುಕರಿರ್ತದ. ಅದರಾಗಿಂದನ ಗ್ರಹ ಹುಟ್ತಾವ. ನಡುವಯಸ್ಸಿಗೆ ಬಂತಂದ್ರ, ನಮ್ಮ ಸೂರ್ಯನಂಗ, ಸುತ್ತ ಭಾಳ ಧೂಳಿರಂಗಿಲ್ಲ. ಮುಪ್ಪಾತಂದ್ರ ಉಬ್ಬಿ ಕೆಂಪಾಗಿ ತನ್ನ ಮೈಯಾಗಿಂದನ ಧೂಳು ಉದುರಸ್ತದ."

"ಎಳೇದಕ್ಕೂ ಧೂಳು, ಮುದುಕಗೂ ಧೂಳು! ಗುರ್ತು ಹ್ಯಾಂಗ ಹಿಡೀತೀರಿ ಕಾಕಾ?"

"ಒಳಗ ಬೀಳೂ ಧೂಳು ಬ್ಯಾರೆ, ಹೊರಗ ಹೋಗೂ ಧೂಳು ಬ್ಯಾರೆ. ನೋಡೂ ಕಣ್ಣಿರಬೇಕು!"

ಅವರ ನೋಡುವ ಕಣ್ಣಿನಿಂದ ಎಷ್ಟು ಜನ ಸಂಕಟಪಟ್ಟಿದ್ದಾರೋ! ಒಮ್ಮೆ ತರಗತಿಯಲ್ಲಿ ಎರಡು ಡಸ್ಟರುಗಳನ್ನು ಪಟಪಟನೆ ಬಡಿದು, ಕಿಟಕಿಯ ಬಿಸಿಲುಕೋಲಿನಲ್ಲಿ ಸುಣ್ಣದ ಪುಡಿ ಎಬ್ಬಿಸಿ, "ಚಿಕ್ಕಿ ಹುಟ್ಟೂ ಮುಂಚೆ ಹಿಂಗಿರ್ತದ," ಎಂದು ತೋರಿಸುತ್ತಿದ್ದರಂತೆ. ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಸಾಹೇಬರು ಒಳಗೆ ಬಂದರು. ಕರಿ ಕೋಟು ತೊಟ್ಟು ಬಂದವರು ಮೋಡದ ಆಚೆ ಬಿಳಿಯಾಗಿ ಹೊರಬಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೂಗಿದಳು: "ಸರ್, ಚಿಕ್ಕಿ ಹುಟ್ಟೇ ಬಿಡ್ತ್ರೀ!"

ಇನ್ನೊಮ್ಮೆ ಗುಂಡಗುರ್ತಿಯ ನೆಂಟರ ಮನೆಗೆ ಹೋಗಿದ್ದೆವು. ಆ ಮನೆಯ ಮಗ ಮೋಟರ್ ಸೈಕಲ್ ನಿಲ್ಲಿಸಿ, "ಹೊಲಕ್ಕ ಹೋಗಿದ್ದೆ," ಎಂದು ಒಳಗೆ ಬಂದ. ಕಾಕಾ ಸುಮ್ಮನಿರಬಾರದೇ? ಗಾಲಿಯ ಮೇಲೆ ಬೆರಳೆಳೆದರು. "ಏ ತಮ್ಮಾ, ಹೊಲದ ಎರೀಮಣ್ಣು ಕರ್ರಗಿರ್ತದ. ಇದು ಬೆಳ್ಳಗದ, ನುಣ್ಣಗದ, ಸಿಮೆಂಟ್ ಫ್ಯಾಕ್ಟರಿ ಧೂಳು. ಮಳಖೇಡದಾಗ ನಿಮ್ಮ ಹೊಲ ಯಾವಾಗ ಆತು?" ಹುಡುಗನ ಮುಖ ಟೊಮೆಟೊ! ಮಳಖೇಡದಲ್ಲಿದ್ದದ್ದು ಹೊಲವಲ್ಲ, ಹುಡುಗಿ. ಗುಟ್ಟು ರಟ್ಟಾಗಿ, ಮನೆಯಲ್ಲಿ ಎಂಟು ದಿನ ರಂಪವಾಗಿ, ಕೊನೆಗೆ ಮದುವೆಯೂ ಆಯಿತು. ಮೊದಲ ಆಮಂತ್ರಣ ಕಾಕಾನಿಗೆ. ಕೊಡುವ ಮುಂಚೆ ಆ ಹುಡುಗ ಲಕೋಟೆಯನ್ನು ಎರಡು ಸಲ ಒರೆಸಿದ್ದನ್ನು ನಾನೇ ಕಂಡಿದ್ದೇನೆ.

ಇಂಥ ಮನುಷ್ಯ, ಬರಬಾರದ ದಿನವೇ ಸೇಡಂನ ನಮ್ಮ ಮನೆಗೆ ಬಂದಿಳಿದರು.

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನಮಗೆ ಮಕ್ಕಳಿಲ್ಲ. ನಾನು, ನನ್ನ ಗಂಡ ಒಂದು ಕೂಸನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದೆವು. ಮನೆ, ಮನೆತನ ಎರಡನ್ನೂ ನೋಡಲು ಕಲಬುರಗಿಯಿಂದ ಮೇಡಂ ಒಬ್ಬರು ಬರುವವರಿದ್ದರು. ಅವರು ಹೂಂ ಅಂದರೆ ಮುಂದಿನ ಮಾತು. ಮೂರು ದಿನ ತಿಕ್ಕಿದೆ ನೋಡಿ! ಫರ್ಸಿ ಕಲ್ಲಿನ ನೆಲದಲ್ಲಿ ಮುಖ ಕಾಣುತ್ತಿತ್ತು. ಗಂಡನಿಗೆ ಕೂರಲು ಅಪ್ಪಣೆಯಿರಲಿಲ್ಲ. ಶಿಕ್ಷೆಯಾದ ಹುಡುಗನ ಹಾಗೆ ಮೂಲೆಯಲ್ಲಿ ನಿಂತಿದ್ದರು.

ಕಾಕಾ ಅಲಮಾರಿ ಮುಟ್ಟಿದರು. ಟೀವಿಯ ಹಿಂದೆ ಕೈಯಾಡಿಸಿದರು. ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆಯನ್ನೂ ಸವರಿದರು. ಬೆರಳಿಗೆ ಏನೂ ಹತ್ತಲಿಲ್ಲ.

"ಏನ್ ಮಾಡಿಟ್ಟೀ ತಂಗಿ? ಇದೇನ್ ಮನಿಯೋ, ದವಾಖಾನಿಯೋ?"

"ಕಾಕಾ, ನಿಮಗ ಕೈ ಮುಗೀತೀನಿ, ಒಂದ್ ಕಡೆ ಕುಂದ್ರಿ. ಮೇಡಂ ಬರ್ಲಿಕತ್ತಾರ."

"ಅದಕ್ಕ ಹೇಳ್ಲಿಕತ್ತೀನಿ! ಇದನ್ನ ನೋಡಿದ್ರ ಆಕಿ ಏನಂತಾಳ? ಕೂಸು ಅಂಬೆಗಾಲಿಟ್ರ ಈಕಿ ಹಿಂದಿಂದ ಅರಿವಿ ಹಿಡಕೊಂಡು ಓಡ್ತಾಳ ಅಂತಾಳ!"

ಇಷ್ಟು ಹೇಳಿ ಹೊರಗೆ ಹೋದರು. ಪೀಡೆ ತೊಲಗಿತು ಅಂದುಕೊಂಡೆ. ಎಲ್ಲಿಯ ಮಾತು? ಅಂಗಳದಿಂದ ಒಂದು ಬೊಗಸೆ ಮಣ್ಣು ತಂದು ನಡುಮನೆಯಲ್ಲಿ ಸುರಿದೇ ಬಿಟ್ಟರು! ನಾನು ಕಿರುಚಿದೆ. ಬಾಗಿಲಲ್ಲಿ ಮೇಡಂ ನಿಂತಿದ್ದರು.

ಅವರು ಕಂಡದ್ದಿಷ್ಟು: ಅರಿವೆ ಹಿಡಿದು ಹಿರಿಯರ ಮೇಲೆ ಕೂಗಾಡುವ ನಾನು, ಮೂಲೆಯಲ್ಲಿ ಗಂಡ, ನೆಲದ ತುಂಬ ಮಣ್ಣು. ಎಲ್ಲಾ ಮುಗಿಯಿತು ಅನ್ನಿಸಿತು. ಅವರನ್ನು ಕೂರಿಸುವುದನ್ನೂ ಮರೆತು ನಾನು ಅತ್ತುಬಿಟ್ಟೆ.

"ಏನ್ರೀ ಅಜ್ಜಾರ ಇದು?" ಎಂದರು ಮೇಡಂ.

"ಧೂಳ್ರೀ. ಕೂಸು ಬರೂ ಮನ್ಯಾಗ ಸ್ವಲ್ಪ ಇರಬೇಕು."

ಮೇಡಂ ನಗಲಿಲ್ಲ. ಫೈಲು ಬಿಚ್ಚಿ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಉದ್ಯೋಗ, ಆರೋಗ್ಯ, ಶಾಲೆ ಎಲ್ಲಕ್ಕೂ ಹೇಗೋ ಉತ್ತರ ಕೊಟ್ಟೆವು. ಆಮೇಲೆ, "ಎಲ್ಲಿಂದಲೋ ಬಂದ ಕೂಸನ್ನ ನಿಮ್ಮ ಮನಿತನದವರು ತಮ್ಮದು ಅಂತಾರೇನ್ರಿ?" ಎಂದರು. ಗಂಡ ನೆಲ ನೋಡಿದರು. ಅತ್ತೆಯ ಮನೆ ಕಡೆಯವರು "ಯಾರ ರಕ್ತವೋ ಏನೋ" ಅಂದ ಮಾತು ಇಬ್ಬರ ಕಿವಿಯಲ್ಲೂ ಇನ್ನೂ ಇತ್ತು. ಸುಳ್ಳು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ಕಾಕಾ ಕನ್ನಡಕ ತೆಗೆದರು.

"ನಾನೂ ಹಂಗ ಬಂದವನ್ರಿ ಮೇಡಂ. ಶಹಾಬಾದದ ಫರ್ಸಿ ಕಲ್ಲಿನ ಖಣಿ ಬಾಜೂಕ ಅಳ್ಕೋತ ಕುಂತಿದ್ನಂತ. ಯಾರ ಮಗ ಅಂತ ಯಾರಿಗೂ ಗೊತ್ತಿದ್ದಿಲ್ಲ. ಮೈತುಂಬ ಕಲ್ಲಿನ ಧೂಳು. ಮಂದಿ, ಮೊದಲ ತೊಳೀರಿ, ಆಮ್ಯಾಲ ನೋಡೂಣು ಅಂದ್ರಂತ. ಈಕಿ ಅಜ್ಜಿ ಕೇಳಲಿಲ್ರಿ. ಮೊದಲ ಎತ್ಕೊಂಡ್ಳು."

ನಲವತ್ತು ದಾಟಿದ ನನಗೆ ಈ ಮಾತು ಅಂದೇ ಗೊತ್ತಾದದ್ದು. ಅಜ್ಜಿ ಹೇಳಿರಲಿಲ್ಲ, ಅಪ್ಪ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಇವರು ಬೇರೆಯವರು ಅನ್ನುವ ಒಂದು ಮಾತು, ಒಂದು ನೋಟ ನಾನು ಕಂಡಿದ್ದರೆ ಕೇಳಿ. ಅಯ್ಯೋ, ಇಂಥವರ ಮೇಲೆ ಕಿರುಚಿದೆನಲ್ಲ!

ಮೇಡಂ ಫೈಲಿನ ಹಾಳೆ ತಿರುವಿದರು. ಆಮೇಲೆ ಪೆನ್ನು ಎತ್ತಿಕೊಂಡು, "ಮನಿತನದ ಕಡಿಂದ ನಿಮ್ಮ ಹೆಸರು ಬರ್ಕೋತೀನಿ. ಕೂಸಿಗೆ ನೀವು ಏನಾಗಬೇಕ್ರಿ?" ಎಂದು ಕೇಳಿದರು.

ಎಲ್ಲದಕ್ಕೂ ಉತ್ತರ ತಯಾರಿಟ್ಟುಕೊಂಡಿರುವ ನಮ್ಮ ಕಾಕಾ ಇದಕ್ಕೆ ತಡವರಿಸಿದರು. ನನ್ನ ಮುಖ ನೋಡಿದರು, ನನ್ನ ಗಂಡನ ಮುಖ ನೋಡಿದರು.

"ಅಜ್ಜ ಅಂತ ಬರ್ಕೊಳ್ರಿ," ಎಂದರು.