ನಲವತ್ತು ಹೆಜ್ಜೆಯ ಸ್ಮಶಾನ

ಮೂರು ವರ್ಷಗಳ ಹಿಂದೆ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ನಮ್ಮೂರ ಚರ್ಚಿನ ಸ್ಮಶಾನದ ಬೇಲಿ ಒಂಬತ್ತು ಅಡಿ ಒಳಗೆ ಸರಿಯಿತು. ಪ್ರಾಣಹಾನಿ ಸಂಭವಿಸಲಿಲ್ಲ, ಅಲ್ಲಿದ್ದವರೆಲ್ಲ ಮೊದಲೇ ತೀರಿಕೊಂಡಿದ್ದರು.

ಮೂಲ ದಾಖಲೆಯ ಪ್ರಕಾರ ಸ್ಮಶಾನದ ಎಲ್ಲೆ ಚರ್ಚಿನ ಹಿಂಬಾಗಿಲಿನಿಂದ ನಲವತ್ತು ಹೆಜ್ಜೆ. ಯಾರ ಹೆಜ್ಜೆ ಎಂದು ಹೇಳಿಲ್ಲವಾದ್ದರಿಂದ, ಬೇಲಿ ಹೊಸದಾಗಿ ಹಾಕುವಾಗಲೆಲ್ಲ ಹಾಲಿ ಸರ್ವೇಯರರ ಹೆಜ್ಜೆಯೇ ಅಧಿಕೃತ. ಮೊದಲ ಸರ್ವೇಯರು ಏಣಿಯಂಥ ಆಸಾಮಿ. ಸ್ಮಶಾನ ಹೊಳೆಯವರೆಗೂ ಇತ್ತು. ಆಮೇಲೆ ಕುಳ್ಳರು ಬಂದರು. ಹೀಗೆ ಬೇಲಿಯ ಹೊರಗುಳಿದ ಜಾಗದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮನೆ ಎದ್ದಿತು.

ಹಾಲಿ ಸರ್ವೇಯರು ಕುಳ್ಳರಲ್ಲ. ಆದರೆ ಕೆಲಸಕ್ಕೆ ಸೇರಿದಾಗ ಹೊಲಿಸಿದ ಪ್ಯಾಂಟನ್ನೇ ಹನ್ನೆರಡು ವರ್ಷಗಳಿಂದ ಹಾಕುತ್ತಿದ್ದರು. ಪ್ಯಾಂಟು ಹಾಗೇ ಇತ್ತು, ಅವರು ಬೆಳೆದಿದ್ದರು. ಆ ಬಿಗಿಯಲ್ಲಿ ಹೆಜ್ಜೆ ಚಿಕ್ಕದಾಗಿ ಊರ ಟೈಲರ ಸಮಾಧಿ ಬೇಲಿಯ ಹೊರಗಾಯಿತು. ಅಧ್ಯಕ್ಷರು ಅದರ ಮೇಲೆ ಸ್ಕೂಟರು ನಿಲ್ಲಿಸತೊಡಗಿದರು. ಅತಿಕ್ರಮಣ ಮಾಡಿದ್ದಕ್ಕಾಗಿ ಟೈಲರಿಗೆ ನೋಟಿಸು ಹೋಯಿತು: "ಹದಿನೈದು ದಿನಗಳೊಳಗೆ ಖುದ್ದಾಗಿ ಹಾಜರಾಗತಕ್ಕದ್ದು, ತಪ್ಪಿದಲ್ಲಿ ತೆರವುಗೊಳಿಸಲಾಗುವುದು."

ನೋಟಿಸು ಹಿಡಿದು ಟೈಲರ ಹೆಂಡತಿ, ಎಂಬತ್ತರ ಅಜ್ಜಿ, ಕಚೇರಿಗೆ ಬಂದರು.

"ಅವರು ಬರೋಕಾಗಲ್ಲಪ್ಪ."

"ಯಾಕಜ್ಜಿ, ಹುಷಾರಿಲ್ವಾ?" ಎಂದರು ಸರ್ವೇಯರು.

"ಸತ್ತು ಆರು ವರ್ಷ ಆಯ್ತು. ಅವರ ಪಕ್ಕದಲ್ಲೇ ನನಗೂ ಜಾಗ ಹೇಳಿಟ್ಟಿದೀನಿ. ಈಗ ನನ್ನನ್ನ ಬೇಲಿ ಒಳಗೆ, ಅವರನ್ನ ಸ್ಕೂಟರ್ ಕೆಳಗೆ ಮಲಗಿಸ್ತೀಯಾ?"

"ಹೆಜ್ಜೆ ಅಲ್ಲಿಗೇ ಮುಗೀತು. ನಾನೇನು ಮಾಡ್ಲಿ?"

ಅಜ್ಜಿ ಕನ್ನಡಕ ಏರಿಸಿ ಅವರನ್ನು ಸೊಂಟದಿಂದ ಮಂಡಿಯವರೆಗೆ ನೋಡಿದರು.

"ಕೂತ್ಕೋ ನೋಡೋಣ."

"ಕೂತ್ರೆ ಹರಿಯತ್ತೆ. ನಿಂತೇ ಕೆಲಸ ಮಾಡೋದು."

"ಬಿಚ್ಚಿ ಕೊಡು."

"ಅಜ್ಜಿ, ಇದು ಸರ್ಕಾರಿ ಕಚೇರಿ!"

"ನನ್ನ ಗಂಡನ ಹೊಲಿಗೆ ಇದು. ನಿನಗೆ ಹೊಟ್ಟೆ ಬರತ್ತೆ ಅಂತ ಒಳಗೆ ಎರಡಿಂಚು ಬಟ್ಟೆ ಬಿಟ್ಟಿದಾರೆ. ತಾ."

ಸರ್ವೇಯರು ಸೊಂಟಕ್ಕೆ ಊರಿನ ನಕ್ಷೆ ಸುತ್ತಿಕೊಂಡು ಅರ್ಧ ಗಂಟೆ ಕಡತಗಳನ್ನು ವಿಲೇವಾರಿ ಮಾಡಿದರು.

ಮರುದಿನ ಮರು ಅಳತೆ. ನಲವತ್ತನೆಯ ಹೆಜ್ಜೆ ಟೈಲರನ್ನು ದಾಟಿ, ಸ್ಕೂಟರನ್ನು ದಾಟಿ, ಅಧ್ಯಕ್ಷರ ಅಡುಗೆಮನೆಯ ಒಲೆಯ ಮುಂದೆ ಬಿತ್ತು.

"ಏನ್ರೀ ಇದು ಅನ್ಯಾಯ!" ಅಧ್ಯಕ್ಷರು ಕೂಗಾಡಿದರು.

"ನನ್ನ ಹೆಜ್ಜೆ ಬೇಡ ಅಂದ್ರೆ ಮೊದಲನೇ ಸರ್ವೇಯರ ಹೆಜ್ಜೆಗೇ ಹೋಗ್ಬೇಕಾಗತ್ತೆ ಸಾರ್. ಆಗ ಮಲಗೋ ಕೋಣೆನೂ ಬರತ್ತೆ."

ಅಧ್ಯಕ್ಷರು ಮರು ಅಳತೆಗೆ ರುಜು ಹಾಕಿದರು. ಸರ್ವೇಯರರ ಪ್ಯಾಂಟು ಭೂದಾಖಲೆಯ ಅವಿಭಾಜ್ಯ ಅಂಗವೆಂದೂ, ಪೂರ್ವಾನುಮತಿಯಿಲ್ಲದೆ ಅದನ್ನು ಹಿಗ್ಗಿಸುವುದಾಗಲೀ ಕುಗ್ಗಿಸುವುದಾಗಲೀ ಶಿಕ್ಷಾರ್ಹವೆಂದೂ ಪ್ರಕಟಣೆ ಹೊರಟಿತು.

ಅಜ್ಜಿ ಮರುವರ್ಷ ತೀರಿಕೊಂಡರು. ಗಂಡನ ಪಕ್ಕದಲ್ಲೇ ಇದ್ದಾರೆ. ಅಧ್ಯಕ್ಷರ ಮನೆಯಲ್ಲಿ ಅಡುಗೆ ಸುಸೂತ್ರವಾಗಿ ನಡೆದಿದೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಸ್ಮಶಾನದ ಗೇಟು ತೆರೆದಿರುವ ಅವಧಿಯಲ್ಲಿ.